ಟಬೋರದಲ್ಲಿ ಹುಟ್ಟಿದವಳು

ಮಾರ್ಚ್ 5, 1989. ಭಾನುವಾರ

ಈ ಡೈರಿ 1987ರದು. ಮೂವತ್ತನಾಲ್ಕನೇ ಸ್ಟ್ರೀಟಿನ ಫುಟ್‌ಪಾತಿನಲ್ಲಿ ಕೊಡೆ ಮಾರುವ ಮೋಡು, ಮಾರಾಟವಾಗದೆ ಉಳಿದ ಸರಕಿನಿಂದ ತಂದುಕೊಟ್ಟ. ವಾರಗಳು ತಾಳೆಯಾಗುವುದಿಲ್ಲ, ಅದಕ್ಕೆ ಅಚ್ಚಾದ ದಿನವನ್ನು ಹೊಡೆದುಹಾಕಿ ಮೇಲೆ ನನ್ನ ದಿನ ಬರೆಯುತ್ತೇನೆ. ಈ ಮನೆಯಲ್ಲಿ ಕನ್ನಡ ಓದಬಲ್ಲ ಇನ್ನೊಂದು ಪ್ರಾಣಿ ಇಲ್ಲ. ಹಾಗಾಗಿ ಡೈರಿಗೆ ಬೀಗ ಬೇಡ.

ಹೊಸ ಪುಸ್ತಕಕ್ಕೆ ಪರಿಚಯ ಹೇಳಿಕೊಳ್ಳುವುದು ಮರ್ಯಾದೆ. ಹೆಸರು ರಮಾಮಣಿ. ವಯಸ್ಸು ಮೂವತ್ತನಾಲ್ಕು. ಮದುವೆ ಆಗಿಲ್ಲ. ಅಮ್ಮ ಇರುವುದು ಮೈಸೂರಿನ ಚಾಮುಂಡಿಪುರದಲ್ಲಿ. ಐದು ವರ್ಷದ ಹಿಂದೆ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಬಾಸ್ಕಿಂಗ್ ರಿಡ್ಜ್‌ನ ಕೌಸಲ್ಯಾ ಅವರು, ಅಮ್ಮನ ಕಡೆಯ ದೂರದ ನಂಟು, ಅಡುಗೆಗೆ ಮತ್ತು ಮಗು ನೋಡಿಕೊಳ್ಳಲು ನನ್ನನ್ನು ಕರೆಸಿಕೊಂಡರು. ಆರು ತಿಂಗಳ ವೀಸಾ. ಏಳನೇ ತಿಂಗಳಿನಿಂದ "ಮಾಡಿಸ್ತೀನಿ ಕಣೇ, ಲಾಯರ್ ಹತ್ರ ಮಾತಾಡಿದೀನಿ" ಅನ್ನುತ್ತಾ ಒಂದೂವರೆ ವರ್ಷ ದೂಡಿದರು. ಒಂದು ಬೆಳಿಗ್ಗೆ ಕಾಗದ ಪೋಸ್ಟ್ ಮಾಡಿ ಬರುತ್ತೇನೆ ಎಂದು ಹೇಳಿ, ಪಾಸ್‌ಪೋರ್ಟನ್ನು ಸೀರೆಯ ಮಡಿಕೆಯಲ್ಲಿಟ್ಟುಕೊಂಡು ಬಸ್ ಹತ್ತಿದೆ. ಆ ಕಾಗದ ಇನ್ನೂ ಪೋಸ್ಟ್ ಆಗಿಲ್ಲ.

ನ್ಯೂವಾರ್ಕ್ ಸ್ಟೇಷನ್ನಿನಲ್ಲಿ ದಿಕ್ಕು ತೋಚದೆ ಕೂತಿದ್ದಾಗ ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು ತನ್ನ ಹರಿದ ಚೀಲಕ್ಕೆ ಸ್ವಾಹಿಲಿಯಲ್ಲಿ ಬೈಯುತ್ತಿದ್ದಳು. ಇಪ್ಪತ್ತು ವರ್ಷದಿಂದ ಕಿವಿಗೆ ಬೀಳದ ಬೈಗುಳ. ಚೀಲದ್ದೇನೂ ತಪ್ಪಿಲ್ಲ, ಅಷ್ಟು ಗೆಣಸು ತುಂಬಿದವರದು ತಪ್ಪು ಎಂದು ನಾನೂ ಸ್ವಾಹಿಲಿಯಲ್ಲೇ ಅಂದೆ. ಸೀರೆ ಉಟ್ಟವಳ ಬಾಯಲ್ಲಿ ತನ್ನ ಭಾಷೆ ಕೇಳಿ ಅವಳು ಅರ್ಧ ಗೆಣಸು ನೆಲಕ್ಕೆ ಬೀಳಿಸಿದಳು. ಅವಳೇ ಸಲ್ಮಾ. ಊರು ಟಬೋರ. ನನ್ನ ಅಪ್ಪ ಜಯತೀರ್ಥ ರೈಲ್ವೆ ಗುಮಾಸ್ತರಾಗಿದ್ದ, ನಾನು ಹನ್ನೊಂದು ವರ್ಷದವರೆಗೆ ಬೆಳೆದ ಅದೇ ಟಬೋರ. ಆಗ ಆ ದೇಶಕ್ಕೆ ಟಾಂಗಾನಿಕಾ ಅನ್ನುತ್ತಿದ್ದರು, ಈಗ ಟಾಂಜಾನಿಯಾ. ಅವಳು ನನ್ನನ್ನು ಈಸ್ಟ್ ಆರೆಂಜಿನ ಈ ಮೂರನೇ ಮಹಡಿಗೆ ಕರೆದುಕೊಂಡು ಬಂದಳು. ಮೂರು ವರ್ಷವಾಯಿತು.

ಅವಳನ್ನು ದಾದಾ ಅನ್ನುತ್ತೇನೆ. ಸ್ವಾಹಿಲಿಯಲ್ಲಿ ದಾದಾ ಎಂದರೆ ಅಕ್ಕ, ನಮ್ಮ ಮೈಸೂರಿನಲ್ಲಿ ಪುಂಡ. ಸಲ್ಮಾಗೆ ಎರಡೂ ಒಪ್ಪುತ್ತದೆ. ಅವಳ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ನನ್ನ ಕಿವಿಗೆ ಅದು ಹಾಗೇ ಕೇಳುತ್ತದೆ.

ಕೆಲಸ ಜಡೆ ಹೆಣೆಯುವುದು. ಸಲ್ಮಾ, ಘಾನಾದ ಅಡ್ವೋವಾ, ನಾನು, ಮೂರು ಕುರ್ಚಿ, ಸದಾ ಎಳೆದ ಕರ್ಟನ್. ಕರಿಯ ಅಮೆರಿಕನ್ ಹೆಂಗಸರು ಬೆಳಿಗ್ಗೆ ಬಂದು ಕೂತರೆ ಸಂಜೆಗೆ ಏಳುತ್ತಾರೆ. ಬೆರಳಗಲದ ಬೈತಲೆ ತೆಗೆದು, ಚೌರಿ ಸೇರಿಸಿ, ನೂರಿನ್ನೂರು ಸಣ್ಣ ಜಡೆ. ಮೊಗ್ಗಿನ ಜಡೆ ಹೆಣೆದು ಪಳಗಿದ ಕೈ ನನ್ನದು, ಇವರಿಬ್ಬರಿಗಿಂತ ಚುರುಕು. ಮನೆಗೆ ಬೋರ್ಡಿಲ್ಲ. ಮೂವರಿಗೂ ಈ ದೇಶದ ಕಾಗದ ಇಲ್ಲ, ಕಾಗದ ಇಲ್ಲದವರು ಬೋರ್ಡ್ ಹಾಕುವುದಿಲ್ಲ.

ಅಡುಗೆ ಮಾತ್ರ ಬೇರೆ. ನನ್ನ ಬಾಣಲೆಯ ಹಿಡಿಗೆ ಕೆಂಪು ದಾರ ಕಟ್ಟಿದ್ದೇನೆ, ಮೀನು ಅದರ ಹತ್ತಿರ ಸುಳಿಯಕೂಡದು. ಒಳ್ಳೆಯ ಜನ, ಸುಳ್ಳು ಹೇಳಬಾರದು. ಆದರೂ ಆಫ್ರಿಕಾದವರು ಆಫ್ರಿಕಾದವರೇ, ನಾವು ನಾವೇ.

ಮಾರ್ಚ್ 8, ಬುಧವಾರ

ಮೋಡು ಓಡುತ್ತಾ ಮೆಟ್ಟಿಲು ಹತ್ತಿ ಬಂದ. ಅವನು ಸೆನೆಗಾಲಿನವನು, ಆರಡಿ ಮೇಲೆ ನಾಲ್ಕಿಂಚು, ಯಾವತ್ತೂ ಓಡುವುದಿಲ್ಲ, ಪೊಲೀಸರು ಬಂದರೂ ಗಾಂಭೀರ್ಯದಿಂದ ಬೇಗ ನಡೆಯುತ್ತಾನೆ ಅಷ್ಟೆ. ಇವತ್ತು ಓಡಿದ. ಕೈಯಲ್ಲಿ ಪೇಪರಿನ ತುಂಡು.

ಸರ್ಕಾರ ಲಾಟರಿ ಇಟ್ಟಿದೆಯಂತೆ, ಗ್ರೀನ್ ಕಾರ್ಡಿನ ಲಾಟರಿ. ಒಂದು ಬಿಳಿ ಹಾಳೆ, ಅದರಲ್ಲಿ ಹೆಸರು, ಹುಟ್ಟಿದ ದಿನ, ಹುಟ್ಟಿದ ಜಾಗ, ವಿಳಾಸ. ತಲೆಗೊಂದೇ ಹಾಳೆ. ಈ ತಿಂಗಳೊಳಗೆ ತಲುಪಬೇಕು. ಯಾವ ಯಾವ ದೇಶದಿಂದ ಜನ ಕಡಿಮೆ ಬಂದಿದ್ದಾರೋ ಆ ದೇಶಗಳಲ್ಲಿ ಹುಟ್ಟಿದವರಿಗೆ ಮಾತ್ರ. ಸೆನೆಗಾಲ್ ಉಂಟು, ಘಾನಾ ಉಂಟು, ಟಾಂಜಾನಿಯಾ ಉಂಟು. ಅಡ್ವೋವಾ ಗಿರಾಕಿಯ ತಲೆಯನ್ನು ಅರ್ಧಕ್ಕೇ ಬಿಟ್ಟು ಕುಣಿದಳು. ಗಿರಾಕಿಯೂ ಕುಣಿದಳು, ಆಕೆಗೆ ಕಾಗದ ಇದ್ದರೂ.

ಪಟ್ಟಿಯಲ್ಲಿ ಇಂಡಿಯಾ ಇರಲಿಲ್ಲ. ನಾನು ಸುಮ್ಮನೆ ಚೌರಿ ಬಿಡಿಸುತ್ತಾ ಕೂತೆ.

"ನಿನ್ನ ಹಾಳೆ ಎಲ್ಲಿ?" ಅಂದಳು ಸಲ್ಮಾ.

"ನಾನು ಇಂಡಿಯಾದವಳು ದಾದಾ. ನಮ್ಮ ದೇಶ ಇಲ್ಲ."

"ನೀನು ಯಾವ ದೇಶದವಳು ಅಂತ ಯಾರು ಕೇಳಿದ್ರು? ಹುಟ್ಟಿದ್ದೆಲ್ಲಿ ಅಂತ ಕೇಳಿದಾರೆ."

ಪಾಸ್‌ಪೋರ್ಟ್ ತೆಗೆದು ನೋಡಿದೆವು. ಹುಟ್ಟಿದ ಜಾಗ: ಟಬೋರ. ಸಲ್ಮಾ ಪಾಸ್‌ಪೋರ್ಟಿಗೆ ಮುತ್ತಿಟ್ಟಳು. "ಇಷ್ಟು ವರ್ಷ ಮೂಗು ಮೇಲೆ ಮಾಡ್ಕೊಂಡು ಓಡಾಡಿದ್ಯಲ್ಲೇ, ನೀನೂ ನಮ್ಮವಳೇ" ಅಂದಳು. ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು.

ಮಾರ್ಚ್ 12, ಭಾನುವಾರ

ಇಂದು ನಾನು ಜಡೆ ಹೆಣೆಯಲಿಲ್ಲ, ಕಾಗದ ಬರೆದೆ. ನನ್ನ ಕೈಬರಹ ಅಚ್ಚಿನ ಹಾಗಿದೆ ಎಂದು ಅಡ್ವೋವಾ ತನ್ನ ಚರ್ಚಿನಲ್ಲಿ ಸಾರಿಬಿಟ್ಟಿದ್ದಾಳೆ. ಬೆಳಿಗ್ಗೆ ಒಂಬತ್ತಕ್ಕೇ ಮೆಟ್ಟಿಲ ತುಂಬ ಆಫ್ರಿಕಾ ಕೂತಿತ್ತು. ಟ್ಯಾಕ್ಸಿ ಓಡಿಸುವ ಎಂಜಿನಿಯರ್ ಒಬ್ಬ, ಮುದುಕರಿಗೆ ಸ್ನಾನ ಮಾಡಿಸುವ ಕೆಲಸದಲ್ಲಿರುವ ನರ್ಸ್ ಒಬ್ಬಳು, ಹೋಟೆಲಿನಲ್ಲಿ ತಟ್ಟೆ ತೊಳೆದು ಕೈ ಬೆಳ್ಳಗಾದ ಹೆಡ್‌ಮಾಸ್ಟರ್ ಒಬ್ಬರು. ಹೆಡ್‌ಮಾಸ್ಟರು ನನ್ನ ಅಕ್ಷರ ನೋಡಿ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟರು.

ಹುಟ್ಟಿದ ದಿನವೇ ದೊಡ್ಡ ರಗಳೆ. ಮಾಲಿ ದೇಶದ ಒಬ್ಬನಿಗೆ ಗೊತ್ತಿದ್ದದ್ದು ಇಷ್ಟೇ, ಆ ವರ್ಷ ಮಿಡತೆ ಬಂದಿತ್ತು. ನಮ್ಮ ಕಡೆ ಮೇಷ್ಟ್ರು ಎಲ್ಲರಿಗೂ ಜೂನ್ ಒಂದನೇ ತಾರೀಕು ಬರೆದು ಕೈತೊಳೆದುಕೊಳ್ಳುತ್ತಿದ್ದರು, ಅದನ್ನೇ ಬರೆಯಲೇ ಎಂದೆ. ಅವನಿಗೆ ಬಹಳ ಹಿಡಿಸಿತು. ಅವನ ಹಿಂದಿದ್ದ ಇಬ್ಬರೂ ಜೂನ್ ಒಂದೇ ಬೇಕೆಂದರು. ಒಟ್ಟು ಮೂವತ್ತೊಂದು ಹಾಳೆ. ಕೊನೆಯದು ನನ್ನದು.

ಮಧ್ಯಾಹ್ನ ನನಗೆ ಒಲೆ ಹಚ್ಚಲು ಪುರಸೊತ್ತು ಸಿಗಲಿಲ್ಲ. ಸಲ್ಮಾ ಪಿಲಾವು ಮಾಡಿದ್ದಳು, ತರಕಾರಿಯದೇ, ನಾನೇ ಕಣ್ಣಾರೆ ನೋಡಿದೆ. ತಿಂದೆ.

ಮಾರ್ಚ್ 21, ಮಂಗಳವಾರ

ಬಾಗಿಲು ಬಡಿದ ಸದ್ದು. ನಮ್ಮ ಗಿರಾಕಿಗಳು ಎರಡು ಸಲ ಬಡಿದು ಒಂದು ಸಲ ಕೆಮ್ಮಬೇಕು ಎಂಬ ಕಟ್ಟಳೆ ಇದೆ. ಇದು ಐದು ಸಲ, ಕೆಮ್ಮಿಲ್ಲ. ಇಮಿಗ್ರೇಷನ್ನಿನವರು ಎಂದಳು ಅಡ್ವೋವಾ, ಅವಳ ತುಟಿ ಬೂದಿ ಬಣ್ಣಕ್ಕೆ ತಿರುಗಿತು. ಮೂವರೂ ಸ್ನಾನದ ಕೋಣೆಗೆ ನುಗ್ಗಿ ಟಬ್ಬಿನಲ್ಲಿ ಮಲಗಿದೆವು, ಒಬ್ಬರ ಮೇಲೊಬ್ಬರು. ಅರ್ಧ ತಲೆ ಹೆಣೆದಿದ್ದ ಗಿರಾಕಿ ಮಿಸೆಸ್ ಹಾಲ್, ಪೋಸ್ಟಾಫೀಸಿನಲ್ಲಿ ಕೆಲಸ ಮಾಡುವವಳು, ಅಮೆರಿಕದಲ್ಲೇ ಹುಟ್ಟಿದವಳು, ಅವಳೂ ಬಂದು ನಮ್ಮ ಮೇಲೆ ಮಲಗಿದಳು. ನೀವೇಕೆ ಎಂದರೆ, ಈ ತಲೆಯಲ್ಲಿ ಯಾರ ಕಣ್ಣಿಗೂ ಬೀಳಲಾರೆ ಅಂದಳು.

ಎದೆ ಹೊಡೆದುಕೊಳ್ಳುವುದು ನಾಲ್ವರದೂ ಒಂದೇ ಆಗಿ ಕೇಳುತ್ತಿತ್ತು. ಹತ್ತು ನಿಮಿಷ ಬಿಟ್ಟು ಮಿಸೆಸ್ ಹಾಲ್ ಹೋಗಿ ನೋಡಿದಳು. ಗ್ಯಾಸ್ ಮೀಟರ್ ಓದುವವನು ಚೀಟಿ ಸಿಕ್ಕಿಸಿ ಹೋಗಿದ್ದ. ಟಬ್ಬಿನಿಂದ ಏಳಲಾರದೆ ನಗುತ್ತಾ ಬಿದ್ದಿದ್ದೆವು. ಆಮೇಲೆ ನೋಡಿದರೆ ಸಲ್ಮಾ ನಗುತ್ತಿರಲಿಲ್ಲ, ಅಳುತ್ತಿದ್ದಳು. ಅವಳ ತಲೆ ನನ್ನ ತೊಡೆಯ ಮೇಲಿತ್ತು, ಹಾಗೇ ಬಿಟ್ಟೆ.

ಏಪ್ರಿಲ್ 20, ಗುರುವಾರ

ಸಲ್ಮಾಗೆ ರಂಜಾನ್ ಉಪವಾಸ. ಸಂಜೆ ಉಪವಾಸ ಬಿಡಲು ಆಲೂಗಡ್ಡೆ ಬೋಂಡ ಕರಿದುಕೊಟ್ಟೆ. ಅವಳಿಗೆ ಹನ್ನೆರಡು, ನನಗೆ ಎಂಟು. ಉಪವಾಸ ಇಲ್ಲದ ಅಡ್ವೋವಾ ಹದಿನೈದು ತಿಂದಳು.

ಜೂನ್ 3, ಶನಿವಾರ

ಮೋಡುವನ್ನು ಪೊಲೀಸರು ಹಿಡಿದರು. ಲೈಸೆನ್ಸ್ ಇಲ್ಲದೆ ಮಾರುತ್ತಿದ್ದನೆಂದು ಕೊಡೆ, ವಾಚು ಎಲ್ಲ ಗೋಣಿಗೆ ತುಂಬಿಕೊಂಡು ಹೋದರು. ಒಂದು ದಿನ ಒಳಗಿಟ್ಟು ಬಿಟ್ಟರು. ಕಾಗದ ಕೇಳಲಿಲ್ಲವಂತೆ, ಕೇಳಿದ್ದರೆ ವಿಮಾನ ಹತ್ತಿಸುತ್ತಿದ್ದರು. ಬಂದವನು ಮಳೆಯಲ್ಲಿ ನೆನೆದು ತೊಪ್ಪೆಯಾಗಿದ್ದ. ಕೊಡೆ ಮಾರುವವನ ಕೈಯಲ್ಲಿ ಒಂದು ಕೊಡೆಯೂ ಇರಲಿಲ್ಲ. ಸಲ್ಮಾ ಅವನ ಶೂ ಬಿಚ್ಚಿ ಒಲೆಯ ಪಕ್ಕದಲ್ಲಿಟ್ಟಳು, ನಾನು ಮೆಣಸಿನ ಸಾರು ಕಾಸಿಕೊಟ್ಟೆ.

ಜುಲೈ 11, ಮಂಗಳವಾರ

ಬಂತು. ನನಗೆ ಬಂತು. ಮೂವತ್ತೊಂದು ಹಾಳೆಯಲ್ಲಿ ಒಂದೇ ಒಂದಕ್ಕೆ ಬಂತು, ಅದು ನನ್ನದು. ಸರ್ಕಾರದ ಲಕೋಟೆ, ನನ್ನ ಹೆಸರು, ನೀವು ಆರಿಸಲ್ಪಟ್ಟಿದ್ದೀರಿ, ಹುಟ್ಟಿದ ದಾಖಲೆ ಮುಂತಾದವನ್ನು ಆಗಸ್ಟ್ ಕೊನೆಯೊಳಗೆ ಕಳಿಸಿ, ಆಮೇಲೆ ಸಂದರ್ಶನ. ಹತ್ತು ಸಲ ಓದಿದೆ, ಹತ್ತು ಸಲವೂ ಹಾಗೇ ಇತ್ತು.

ಸಲ್ಮಾ ಬಾಯಿಗೆ ಕೈ ಅಡ್ಡ ಹಿಡಿದು ಆ ಉಲುಲು ಸದ್ದು ಮಾಡಿದಳು, ಅವರ ಮದುವೆ ಮನೆಗಳಲ್ಲಿ ಮಾಡುವುದು. ಕೆಳಗಿನ ಮಹಡಿಯವರು ಬೆಂಕಿ ಬಿತ್ತೆಂದು ಹೊರಗೆ ಓಡಿದರು. ಅವಳ ಹೆಸರು ಬಂದಿಲ್ಲ. ಅಡ್ವೋವಾದೂ ಇಲ್ಲ, ಮೋಡುವಿನದೂ ಇಲ್ಲ. ನಾನು ಮುಖ ಚಿಕ್ಕದು ಮಾಡಿಕೊಂಡರೆ ಸಲ್ಮಾ ಬೆನ್ನಿಗೆ ಗುದ್ದಿದಳು. "ಟಬೋರಕ್ಕೆ ಒಂದು ಬಂತು. ನಿನಗೆ ಬಂದ್ರೇನು, ನನಗೆ ಬಂದ್ರೇನು?"

ಅಮ್ಮನಿಗೆ ಬರೆದೆ: ಟ್ರಂಕಿನ ತಳದಲ್ಲಿ ಅಪ್ಪನ ಫೈಲಿದೆ, ಅದರಲ್ಲಿ ಟಬೋರದ ನನ್ನ ಜನನಪತ್ರ ಇರಬೇಕು, ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸು. ನಾನು ಹುಟ್ಟಿದಾಗಿನ ವಿವರಗಳನ್ನೂ ಬರಿ, ಸಂದರ್ಶನದಲ್ಲಿ ಕೇಳಬಹುದು.

ಜುಲೈ 16, ಭಾನುವಾರ

ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರೆ. ನಾವು ಕುಲಾವಿ, ತೊಟ್ಟಿಲು, ಬೆಳ್ಳಿ ಉಡಿದಾರ ಎಲ್ಲ ಹೊಂದಿಸಿ ಕೂತಿದ್ದೇವೆ.

ಮೇನ್ ಸ್ಟ್ರೀಟಿನಲ್ಲಿ ಒಂದು ಅಂಗಡಿ ಖಾಲಿ ಇದೆ, ಮೊದಲು ಶೂ ರಿಪೇರಿಯದು. ಯಜಮಾನ ಒಬ್ಬ ಮುದುಕ, ಕಾಗದ ಇದ್ದವರ ಹೆಸರಿಗೆ ಮಾತ್ರ ಬಾಡಿಗೆಗೆ ಕೊಡುವುದು ಎಂದು ಸಲ್ಮಾಳನ್ನು ಎರಡು ಸಲ ವಾಪಸ್ ಕಳಿಸಿದ್ದ. ಈಗ ನನಗೆ ಕಾಗದ ಬರುತ್ತದೆ, ಅಂಗಡಿ ನನ್ನ ಹೆಸರಿಗೆ, ಕೆಲಸ ಎಲ್ಲರಿಗೂ. ಬೋರ್ಡ್ ಹಾಕಬಹುದು. ಕರ್ಟನ್ ತೆಗೆಯಬಹುದು. ಇವತ್ತು ನಾಲ್ವರೂ ಹೋಗಿ ಆ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಂತೆವು. ಕುರ್ಚಿ ಎಲ್ಲಿ, ಕನ್ನಡಿ ಎಲ್ಲಿ ಎಂದು ಜಗಳ ಆಯಿತು. ಬೋರ್ಡಿನ ಬಣ್ಣ ಹಸಿರು ಇರಲಿ ಅಂದಳು ಸಲ್ಮಾ, ಹಳದಿ ಅಂದಳು ಅಡ್ವೋವಾ. ಎರಡನ್ನೂ ಬಳಿಸುತ್ತೇನೆ, ಹೆದರಬೇಡಿ ಅಂದೆ. ಮಾತು ದೊಡ್ಡ ಯಜಮಾನಿಯ ಹಾಗೆ ಬಂತು, ನನಗೇ ನಾಚಿಕೆಯಾಯಿತು.

ಮೋಡು ಬಾಗಿಲ ಹೊರಗೆ ತನ್ನ ಕೊಡೆ ಮಾರುವ ಜಾಗಕ್ಕೆ ಗೆರೆ ಎಳೆದು ಬಂದ.

ಜುಲೈ 23, ಭಾನುವಾರ

ಮೂವತ್ತನಾಲ್ಕು ವರ್ಷ ಯಾವ ಗಂಡೂ ತಿರುಗಿ ನೋಡದ ಈ ರಮಾಮಣಿಗೆ ಒಂದೇ ವಾರದಲ್ಲಿ ಮೂರು ಸಂಬಂಧ ಬಂದಿವೆ. ನನ್ನನ್ನು ಮದುವೆಯಾದವನಿಗೂ ಕಾಗದ ಬರುತ್ತದಂತೆ.

ಮೊದಲನೆಯದು ಅಡ್ವೋವಾಳ ಚರ್ಚಿನ ಒಬ್ಬ ಮಹನೀಯ, ಬ್ರಾಂಕ್ಸಿನವನು. ತನ್ನ ಫೋಟೋದ ಜೊತೆ ತನ್ನ ಕಾರಿನ ಫೋಟೋವನ್ನೂ ಕಳಿಸಿದ್ದಾನೆ. ಕಾರು ಚೆನ್ನಾಗಿದೆ.

ಎರಡನೆಯದು ಕೇಳಬೇಕು. ಜೆರ್ಸಿ ಸಿಟಿಯ ಇಂಡಿಯನ್ ಅಂಗಡಿಗೆ ಅಡ್ವೋವಾಳನ್ನು ಕರೆದುಕೊಂಡು ಹೋಗಿದ್ದೆ. ಬೇಳೆ ಅಳೆಯುವವನಿಂದ ಹಿಡಿದು ಎಲ್ಲರಿಗೂ ಅವಳು ನನ್ನ ಲಾಟರಿಯ ಸುದ್ದಿ ಹೇಳಿದಳು. ಅಲ್ಲೇ ಇದ್ದರು ಓಲ್ಡ್ ಬ್ರಿಡ್ಜ್‌ನ ಭಾನುಮತಿ. ಕೌಸಲ್ಯಾ ಅವರ ಮನೆಯ ಪಾರ್ಟಿಗಳಲ್ಲಿ ಎರಡು ವರ್ಷ ಇವರಿಗೆ ದೋಸೆ ಬಡಿಸಿದ್ದೇನೆ, ನನ್ನ ಹೆಸರೇ ಗೊತ್ತಿರಲಿಲ್ಲ.

"ರಮಾ, ಎಷ್ಟು ದಿನ ಆಯ್ತಮ್ಮ ನೋಡಿ. ಸೊರಗಿ ಹೋಗಿದೀಯ," ಅಂದರು. ನಾನು ಹತ್ತು ಪೌಂಡ್ ಹೆಚ್ಚಿದ್ದೇನೆ. "ನಮ್ಮ ಸೂರ್ಯನಾರಾಯಣ ಇದಾನಲ್ಲ, ನಮ್ಮನೆಯವರ ಅಕ್ಕನ ಮಗ, ಎಂ.ಎಸ್. ಕಂಪ್ಲೀಟ್ ಮಾಡಿದಾನೆ. ಪಾಪ, ವೀಸಾ ಎಕ್ಸ್‌ಪೈರ್ ಆಗ್ತಾ ಇದೆ. ಏಜ್ ಡಿಫರೆನ್ಸ್ ಎಲ್ಲಾ ಈಗಿನ ಕಾಲದಲ್ಲಿ ಯಾರು ನೋಡ್ತಾರೆ ಹೇಳು."

"ಎಷ್ಟು ವಯಸ್ಸು ಅವರಿಗೆ?"

"ಟ್ವೆಂಟಿ ಫೈವ್."

ಪಕ್ಕದಲ್ಲಿದ್ದ ಅವರ ಮಗಳು ಕನ್ನಡ ಅರ್ಥವಾಗಿ, "ಮಾಮ್, ದಟ್ಸ್ ಸೋ ಎಂಬರಾಸಿಂಗ್," ಅಂದಳು. ಆ ಹುಡುಗಿಯ ಮೇಲೆ ನನಗೆ ಪ್ರೀತಿ ಬಂತು. ಭಾನುಮತಿ ಅಡ್ವೋವಾ ಕಡೆ ಓರೆಗಣ್ಣಿನಲ್ಲಿ ನೋಡಿ ದನಿ ತಗ್ಗಿಸಿ, "ಇಂಥವರ ಜೊತೆ ಯಾಕಮ್ಮ ಇದೀಯ, ನಮ್ಮನೆಗೆ ಬಂದ್ಬಿಡು," ಅಂದರು. ಇವರು ನಮ್ಮವರು, ನಾವೆಲ್ಲ ಒಟ್ಟಿಗೇ ಇರೋದು ಅಂದೆ. ನಮ್ಮ ಮನೆಯಲ್ಲಿ ಯಾರೂ ಕಾರ್ಡಿಗೋಸ್ಕರ ನನ್ನ ಹೆಸರು ಕಲಿಯಲಿಲ್ಲ ಎಂದೂ ಹೇಳಬೇಕೆಂದಿದ್ದೆ, ಹೇಳಿದ್ದು ಬೇಳೆ ಕೊಂಡು ಹೊರಬಂದ ಮೇಲೆ, ಅಡ್ವೋವಾಗೆ.

ಮೂರನೆಯವನು ಮೋಡು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಎದುರು ನಿಂತ. "ನಾನು ಕೇಳಲೇಬೇಕು. ಕೇಳದಿದ್ದರೆ ನಮ್ಮಮ್ಮ ಜನ್ಮವಿಡೀ ಬೈತಾಳೆ. ಆದರೆ ನೀವು ದಯವಿಟ್ಟು ಬೇಡ ಅನ್ನಿ. ಊರಲ್ಲಿ ಹುಡುಗಿ ಕಾಯ್ತಿದಾಳೆ."

"ಬೇಡ," ಅಂದೆ.

"ದೇವರು ನ್ಯೂಜೆರ್ಸಿಯಲ್ಲೂ ಇದಾನೆ," ಅಂದ. ಅವನ ಮುಖದಲ್ಲಿ ಅಂಥ ನೆಮ್ಮದಿ ಹಿಂದೆ ಕಂಡಿರಲಿಲ್ಲ.

ಒಂದು ಬರೆಯಲು ಮರೆತೆ. ಸಲ್ಮಾ ನಿನ್ನೆ ನನ್ನ ಬಾಣಲೆಯಲ್ಲಿ ಮೀನು ಕರಿದಿದ್ದಾಳೆ. ಕೆಂಪು ದಾರ ಯಾವಾಗ ಬಿಚ್ಚಿಹೋಯಿತೋ. ಹುಣಸೆಹಣ್ಣು ಹಾಕಿ ತಿಕ್ಕಿದೆ, ವಾಸನೆ ಹೋಯಿತು, ಅಷ್ಟೆ.

ಆಗಸ್ಟ್ 9, ಬುಧವಾರ

ಅಮ್ಮನ ರಿಜಿಸ್ಟರ್ ಬಂತು. ಜನನಪತ್ರವೂ ಇದೆ, ಅಚ್ಚಿನ ಮುದ್ರೆ, ಸಿಂಹ, ಸಹಿ, ಎಲ್ಲ. ಜೊತೆಗಿರುವ ಕಾಗದವನ್ನು ಹಾಗೇ ಇಳಿಸಿಕೊಳ್ಳುತ್ತೇನೆ, ಏಕೆಂದರೆ ಓದಿದ್ದು ನಿಜವೋ ಸುಳ್ಳೋ ಇನ್ನೂ ಗೊತ್ತಾಗುತ್ತಿಲ್ಲ.

"ಚಿರಂಜೀವಿ ರಮಾಮಣಿಗೆ ನಿನ್ನ ತಾಯಿಯ ಆಶೀರ್ವಾದಗಳು. ನಾನು ಕ್ಷೇಮ, ಮಂಡಿ ನೋವೊಂದು ಬಿಟ್ಟರೆ. ನೀನು ಕೇಳಿದ ಕಾಗದ ಸಿಕ್ಕಿತು, ಇದರೊಂದಿಗಿದೆ. ಆದರೆ ನೀನು ಟಬೋರದಲ್ಲಿ ಹುಟ್ಟಿದೆಯೆಂದು ನಿನಗೆ ಯಾರು ಹೇಳಿದ್ದು? ಚೊಚ್ಚಲು ಬಸುರಿಯನ್ನು ತವರಿಗೆ ಕಳಿಸದೆ ಗಂಡನ ಕ್ವಾರ್ಟರ್ಸಿನಲ್ಲಿ ಹೆರಿಗೆ ಮಾಡಿಸಲು ನಾವೇನು ಹಿಂದುಮುಂದಿಲ್ಲದವರೇ? ನಿಮ್ಮಜ್ಜಿ ಬದುಕಿದ್ದು ಈ ಮಾತು ಕೇಳಿದ್ದರೆ ನಿನ್ನ ಬಾಯಿಗೆ ಬರೆ ಎಳೆಯುತ್ತಿದ್ದರು. ಏಳನೇ ತಿಂಗಳಿನಲ್ಲಿ ಹಡಗು ಹತ್ತಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು, ಬೊಂಬಾಯಿಯಲ್ಲಿ ಇಳಿದು ಚಿಂತಾಮಣಿಗೆ ಬಂದೆ. ನೀನು ಹುಟ್ಟಿದ್ದು ನಮ್ಮಮ್ಮನ ಮನೆಯ ನಡುಕೋಣೆಯಲ್ಲಿ, ನಾವೆಲ್ಲರೂ ಹುಟ್ಟಿದ ಕೋಣೆ. ನಿನಗೆ ಆರು ತಿಂಗಳಾದ ಮೇಲೆ ಎತ್ತಿಕೊಂಡು ಹಿಂತಿರುಗಿದ್ದು. ಮಗುವಿನ ಹೆಸರನ್ನು ಕ್ವಾರ್ಟರ್ಸಿನ ಲೆಕ್ಕಕ್ಕೆ ಸೇರಿಸಬೇಕೆಂದು ನಿಮ್ಮ ಅಪ್ಪ ಹೋದರೆ, ಇಲ್ಲೇ ಹುಟ್ಟಿತೆಂದು ಬರೆಸಿದರೆ ಇವತ್ತೇ ಮುಗಿಯುತ್ತದೆ, ಇಲ್ಲದಿದ್ದರೆ ವರ್ಷ ಓಡಾಡಬೇಕು ಎಂದನಂತೆ ಅಲ್ಲಿನ ಗುಮಾಸ್ತ. ಮಗು ಎಲ್ಲಿ ಹುಟ್ಟಿದರೇನು, ಚೆನ್ನಾಗಿದ್ದರೆ ಸರಿ ಎಂದು ಬರೆಸಿಬಿಟ್ಟರು. ಪಾಸ್‌ಪೋರ್ಟಿಗೂ ಅದೇ ಹೋಯಿತು. ನಿನಗೆ ಗೊತ್ತಿದೆ ಎಂದೇ ತಿಳಿದಿದ್ದೆ. ಎಣ್ಣೆ ಹಚ್ಚಿಕೊಳ್ಳುವುದು ಬಿಡಬೇಡ."

ಚಿಂತಾಮಣಿಯ ಆ ನಡುಕೋಣೆಯನ್ನು ನೋಡಿದ್ದೇನೆ. ನಾವೆಲ್ಲರೂ ಹುಟ್ಟಿದ ಕೋಣೆ ಎಂದು ಅಜ್ಜಿ ತೋರಿಸುತ್ತಿದ್ದಾಗ, ಆ ಎಲ್ಲರಲ್ಲಿ ನಾನೂ ಇದ್ದೇನೆಂದು ಹೊಳೆಯಲಿಲ್ಲವಲ್ಲ. ಮೈಸೂರು ಸೀಮೆಯ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು, ಚೊಚ್ಚಲು ತವರಿನಲ್ಲಿ. ಇಂಥ ದಡ್ಡಿಗೆ ಯಾವ ಲಾಟರಿ ತಾನೇ ದಕ್ಕುತ್ತದೆ.

ನಾನು ಆಫ್ರಿಕಾದಲ್ಲಿ ಹುಟ್ಟಿಲ್ಲ. ಆ ಚೀಟಿ ನನ್ನದಲ್ಲ. ಆದರೆ ಕೈಯಲ್ಲಿರುವ ಕಾಗದ ನನ್ನದೇ ಅನ್ನುತ್ತಿದೆ.

"ಏನು ಬರೆದಿದಾರೆ ಅಮ್ಮ?" ಎಂದು ಮೂರು ಮುಖ ನನ್ನನ್ನೇ ನೋಡುತ್ತಿದ್ದವು.

"ಉದ್ದ ಇದೆ. ಭಾನುವಾರ ಎಲ್ಲರ ಮುಂದೆ ಓದ್ತೀನಿ," ಅಂದೆ.

ಆಗಸ್ಟ್ 11, ಶುಕ್ರವಾರ

ಹೇಳಿಬಿಡುತ್ತೇನೆ. ನನ್ನ ಚೀಟಿಯಲ್ಲ, ಅಂಗಡಿ ಇಲ್ಲ, ಬೋರ್ಡಿಲ್ಲ, ಮನ್ನಿಸಿ ಅನ್ನುತ್ತೇನೆ. ಮೂರು ತಲೆ ಹೆಣೆದೆ, ಮೂರರಲ್ಲೂ ಬೈತಲೆ ಸೊಟ್ಟ.

ಆಗಸ್ಟ್ 12, ಶನಿವಾರ

ಅಡ್ವೋವಾ ಬೋರ್ಡಿಗೆ ಬಣ್ಣ ತಂದಿದ್ದಾಳೆ. ಒಂದು ಡಬ್ಬ ಹಸಿರು, ಒಂದು ಡಬ್ಬ ಹಳದಿ.

ಆಗಸ್ಟ್ 13, ಭಾನುವಾರ

ಮಧ್ಯಾಹ್ನಕ್ಕೆ ಇಪ್ಪತ್ತು ಜನ ಸೇರಿದರು. ಹೆಡ್‌ಮಾಸ್ಟರು ಟೈ ಕಟ್ಟಿಕೊಂಡು ಬಂದಿದ್ದರು. ಮಾಲಿಯ ಜೂನ್ ಒಂದರವನು ಕಲ್ಲಂಗಡಿ ತಂದ. ನೆಲದ ಮೇಲೆ ಚಾಪೆ, ನಡುವೆ ಒಂದು ದೊಡ್ಡ ತಟ್ಟೆಯಲ್ಲಿ ಅನ್ನ, ಸುತ್ತ ನಾವೆಲ್ಲ. ಊಟ ಮುಗಿಸಿ ಕೈ ತೊಳೆದು ಎಲ್ಲರೂ ನನ್ನ ಕಡೆ ತಿರುಗಿದರು. ಅಮ್ಮನ ಕಾಗದ ಬಿಡಿಸಿದೆ.

ಮೊದಲ ಸಾಲು ಸರಿಯಾಗೇ ಓದಿದೆ, ಸ್ವಾಹಿಲಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ನಾನು ಕ್ಷೇಮ, ಮಂಡಿ ನೋವು. ಹೆಂಗಸರೆಲ್ಲ ಮಂಡಿ ನೋವಿಗೆ ಅಯ್ಯೋ ಅಂದರು. ಮುಂದಿನ ಸಾಲಿಗೆ ಬಂದೆ. ತಲೆ ಎತ್ತಿದರೆ ಎದುರಿಗೆ ಮೋಡುವಿನ ಹೊಳೆಯುವ ಶೂ, ಅದರ ಪಕ್ಕದಲ್ಲಿ ಎರಡು ಡಬ್ಬ ಬಣ್ಣ.

"ನೀನು ಹುಟ್ಟಿದ್ದು ಮಳೆಗಾಲದ ಒಂದು ಬೆಳಿಗ್ಗೆ," ಎಂದು ಓದಿದೆ. ಕಾಗದದಲ್ಲಿ ಅದು ಇರಲಿಲ್ಲ. "ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸಿನಲ್ಲಿ. ತವರಿಗೆ ಹೋಗಬೇಕೆಂದಿದ್ದೆ, ನೀನು ಕಾಯಲಿಲ್ಲ, ಅವಸರದ ಹುಡುಗಿ." ಎಲ್ಲರೂ ನಕ್ಕರು. ಆಮೇಲೆ ಬಾಯಿ ತಾನೇ ಓಡಿತು. ಕಿಗೋಮಾ ಊರಿನ ಕಡೆಯಿಂದ ರೈಲು ಬರುವ ಹೊತ್ತು ಅಂದೆ. ಅಪ್ಪ ಒಂದು ಕೈಯಲ್ಲಿ ಹಸಿರು ಬಾವುಟ ಹಿಡಿದೇ ಮನೆಗೆ ಓಡಿ ಬಂದರು ಅಂದೆ, ಗುಮಾಸ್ತರ ಕೈಗೆ ಬಾವುಟ ಯಾರು ಕೊಟ್ಟರೋ ಗೊತ್ತಿಲ್ಲ. ಸೂಲಗಿತ್ತಿ ಬಂದಳು, ಕಾಲು ಹಿಡಿದೆತ್ತಿದಳು, ನಾನು ಅಳಲಿಲ್ಲ, ರೈಲು ಕೂಗಿದ ಮೇಲೆ ಅತ್ತೆ. ನೆರೆಯವರು ಗಂಜಿ ತಂದರು. ಅಡ್ವೋವಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೆಡ್‌ಮಾಸ್ಟರು ಹತ್ತಕ್ಕೆ ಹತ್ತು ಅಂದರು. ನನಗೂ ಅಳು ಬಂತು. ಆ ಹಸಿಗೂಸು ಕಣ್ಣಿಗೆ ಕಟ್ಟಿದ ಹಾಗಿತ್ತು.

ಸಲ್ಮಾ ಒಬ್ಬಳೇ ಎದ್ದು ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಎಲ್ಲರೂ ಹೊರಟ ಮೇಲೆ ಅವಳು ತಟ್ಟೆ ತೊಳೆದಳು, ನಾನು ಒರೆಸಿದೆ.

"ನಮ್ಮಲ್ಲಿ ಚೊಚ್ಚಲು ಹೆರಿಗೆ ಹುಡುಗಿಯ ತಾಯಿ ಮನೆಯಲ್ಲೇ," ಅಂದಳು, ತಲೆ ಎತ್ತದೆ. "ಎಷ್ಟೇ ದೂರ ಇರಲಿ, ಕರ್ಕೊಂಡು ಹೋಗ್ತಾರೆ. ನಿಮ್ಮಲ್ಲಿ ಹೇಗೆ?"

ನಾನು ಒರೆಸಿದ ತಟ್ಟೆಯನ್ನೇ ಒರೆಸುತ್ತಿದ್ದೆ. "ದಾದಾ, ನಿನಗೊಂದು ಹೇಳ್ಬೇಕು."

"ಬೇಡ. ನಾನು ಕೇಳಿದ್ದಕ್ಕೆ ಮಾತ್ರ ಹೇಳು. ಸೂಲಗಿತ್ತಿ ಹೆಸರೇನು?"

"ಅಮ್ಮ ಬರೆದಿಲ್ಲ."

"ಸಂದರ್ಶನದಲ್ಲಿ ಕೇಳಿದ್ರೆ ಹೀಗೇ ಹೇಳ್ತೀಯಾ?" ಅವಳು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. "ಬೀಬಿ ಜುಹುರಾ. ಟಬೋರದಲ್ಲಿ ಎಲ್ಲರಿಗೂ ಅವಳು ಅಜ್ಜಿ, ಅದಕ್ಕೆ ಬೀಬಿ. ಬಜಾರಿನ ಹಿಂದೆ ಮಾವಿನ ಸಾಲು, ಸಾಲಿನ ಕೊನೇ ಮನೆ. ಎಡಗೈಗೆ ಆರು ಬೆರಳು. ಕರೆಯೋಕೆ ಹೋದ್ರೆ ಕಾಫಿ ಕುಡಿಯದೆ ಹೊರಡೋಳಲ್ಲ. ಹೇಳು."

ಹೇಳಿದೆ. ಮಾವಿನ ಸಾಲು ಬಿಟ್ಟುಹೋಯಿತು. ಮತ್ತೆ ಹೇಳಿಸಿದಳು. ಮೂರನೇ ಸಲಕ್ಕೆ ಸರಿಯಾಗಿ ಬಂತು.

"ಇಷ್ಟೆಲ್ಲ ನಿನಗೆ ಹೇಗೆ ಗೊತ್ತು?"

"ನಾನು ಹುಟ್ಟಿ ಮೊದಲು ಬಿದ್ದದ್ದು ಅವಳ ಕೈಗೆ," ಅಂದಳು. "ನನ್ನ ಚೀಟಿ ಬರಲಿಲ್ಲ. ನನಗೆ ಇನ್ನು ಅವಳಿಂದ ಆಗ್ಬೇಕಾದ್ದೇನೂ ಇಲ್ಲ. ನೀನು ಇಟ್ಕೋ."

ಮರೆಯಬಾರದೆಂದು ಬರೆದಿಡುತ್ತಿದ್ದೇನೆ. ನಾನು ಹುಟ್ಟಿದ್ದು ಟಬೋರದಲ್ಲಿ. ಸೂಲಗಿತ್ತಿ ಬೀಬಿ ಜುಹುರಾ, ಎಡಗೈಗೆ ಆರು ಬೆರಳು. ನನಗಿಂತ ಹನ್ನೊಂದು ವರ್ಷ ಮೊದಲು ಅದೇ ಕೈಗೆ ನನ್ನ ಅಕ್ಕ ಬಿದ್ದಿದ್ದಳು.